ಓದಿನ ಡೈರಿ ಮೂರು ಸಲ ನಿಂತುಹೋಯ್ತು ಅಂದಿದ್ದಕ್ಕೆ

ಮೇಡಂ, ನಿಮ್ಮ ಪ್ರಶ್ನೆ ನಾಲ್ಕೈದು ಕಾಮೆಂಟಿನಲ್ಲಿ ಹರಿದು ಹಂಚಿಹೋಗಿದೆ. ಆಮೇಲೆ ಬಂದು ಓದೋರಿಗೆ ಗೊತ್ತಾಗಲಿ ಅಂತ ಮೊದಲು ಅದನ್ನು ಒಟ್ಟು ಮಾಡುತ್ತೇನೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಿನಾ ಬಸ್ಸಿನಲ್ಲಿ ಓಡಾಟ, ಓದೋಕೆ ಸಿಗೋದು ಆ ಹೊತ್ತೊಂದೇ. ಮನೆಗೆ ಬಂದರೆ ಅಡುಗೆ, ಮಕ್ಕಳ ಹೋಂವರ್ಕು. ಓದಿದ್ದು ತಿಂಗಳು ಕಳೆದರೆ ನೆನಪಿರಲ್ಲ. ಡೈರಿ ಇಡೋಣ ಅಂತ ಮೂರು ಸಲ ಶುರು ಮಾಡಿದಿರಿ, ಮೂರೂ ನಿಂತುಹೋದವು. ಯಾವ ನೋಟ್‌ಬುಕ್ ತಗೊಳ್ಳಲಿ, ಯಾವಾಗ ಬರೀಲಿ, ಕಾಗದವೋ ಮೊಬೈಲೋ, ಲೈಬ್ರರಿ ಪುಸ್ತಕಕ್ಕೆ ಗುರುತು ಹಾಕೋದು ಹೇಗೆ ಅಂತ ಕೇಳಿದೀರಿ.

ನೀವು ಹಾಕಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದರೆ ಕಾಯಿಲೆ ಅಲ್ಲೇ ಕಾಣುತ್ತೆ. ಮೊದಲ ಪುಟದಲ್ಲಿ ಸ್ಕೇಲಿಟ್ಟು ಎಳೆದ ಕೆಂಪು ಅಂಚು, ಎರಡು ಬಣ್ಣದಲ್ಲಿ ಪುಸ್ತಕದ ಹೆಸರು, ಲೇಖಕರ ಪರಿಚಯ ಮುಕ್ಕಾಲು ಪುಟ. ಎರಡರಿಂದ ಐದನೇ ಪುಟದವರೆಗೆ ಪುಸ್ತಕದ ಸಾಲುಗಳನ್ನೇ ಇಳಿಸಿಕೊಂಡಿದೀರಿ. ಆರನೇ ಪುಟದಲ್ಲಿ ದಿನಾಂಕ ಇದೆ, ಅದರ ಕೆಳಗೆ ಖಾಲಿ. ಅಂದರೆ ನೀವು ಬರೆಯೋದನ್ನು ಬಿಟ್ಟಿಲ್ಲ, ನಕಲು ಮಾಡಿ ಮಾಡಿ ಕೈ ಸೋತಿದೆ. ನಕಲು ಮಾಡುವಾಗ ಪುಸ್ತಕ ಎದುರಿಗೆ ತೆರೆದೇ ಇರುತ್ತೆ, ತಲೆಗೆ ಕೆಲಸ ಇರಲ್ಲ. ಅದಕ್ಕೇ ನೆನಪೂ ನಿಲ್ಲಲ್ಲ.

ಮುಖ್ಯವಾದ ಮಾತು ಒಂದೇ: ಪುಸ್ತಕ ಮುಚ್ಚಿ ಬರೀರಿ. ಓದು ನಿಲ್ಲಿಸಿದ ಕಡೆ ಪುಟ ಗುರುತು ಮಾಡಿ, ಮುಚ್ಚಿ, ಇವತ್ತು ಓದಿದ್ದರಲ್ಲಿ ತಲೆಯಲ್ಲಿ ಉಳಿದದ್ದನ್ನು ಮೂರು ಗೆರೆಯಲ್ಲಿ ಬರೀರಿ. ಏನೂ ನೆನಪಾಗದಿದ್ದರೆ "ಏನೂ ನೆನಪಾಗ್ತಿಲ್ಲ, ನಾಳೆ ಪು. 41ರಿಂದ ಮತ್ತೆ" ಅಂತ ಬರೀರಿ, ಅದೂ ಟಿಪ್ಪಣಿಯೇ. 2006ರಲ್ಲಿ ರೋಡಿಗರ್, ಕಾರ್ಪಿಕಿ ಅನ್ನೋ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದರು. ಐದು ನಿಮಿಷ ಬಿಟ್ಟು ಕೇಳಿದಾಗ ಅದೇ ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ಓದಿದ ಮೇಲೆ ಪಾಠ ನೋಡದೆ ನೆನಪಿನಿಂದ ಬರೆದವರು ಮುಂದಿದ್ದರು. ನಿಮಗೆ ಬೇಕಾಗಿರೋದು ವಾರ, ತಿಂಗಳ ನೆನಪು ತಾನೇ?

ಮೂರು ಗೆರೆ ಕಮ್ಮಿ ಆಯ್ತು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 240 ಪುಟದ ಪುಸ್ತಕ, ದಿನಕ್ಕೆ 20 ಪುಟ ಅಂದರೆ 12 ದಿನ. ದಿನಕ್ಕೆ ಮೂರು ಗೆರೆಯಂತೆ 36 ಗೆರೆ. ಎ5 ಅಳತೆಯ ರೂಲ್ಡ್ ನೋಟ್‌ಬುಕ್ಕಿನ ಒಂದು ಪುಟಕ್ಕೆ ಸುಮಾರು 22 ಗೆರೆ ಬರುತ್ತೆ, ಎದುರುಬದುರು ಎರಡು ಪುಟಕ್ಕೆ 44. ಮಿಕ್ಕ ಎಂಟು ಗೆರೆಯಲ್ಲಿ ಮೂರು ತಲೆಬರಹಕ್ಕೆ, ಐದು ಪುಸ್ತಕ ಮುಗಿದ ದಿನ ಬರೆಯೋ ಮಾತಿಗೆ. ಒಂದು ಪುಸ್ತಕಕ್ಕೆ ಎದುರುಬದುರು ಎರಡು ಪುಟ ಮೀಸಲಿಡಿ, ಅದಕ್ಕಿಂತ ಜಾಗ ಕೊಡಬೇಡಿ. ಜಾಗ ಕಮ್ಮಿ ಇದ್ದಾಗಲೇ ಯಾವುದು ಮುಖ್ಯ ಅಂತ ಕೈ ಆರಿಸುತ್ತೆ. 200 ಪುಟದ ನೋಟ್‌ಬುಕ್ಕಿನಲ್ಲಿ ಮುಂದೆ ನಾಲ್ಕು, ಹಿಂದೆ ಹತ್ತು ಪುಟ ತೆಗೆದಿಟ್ಟರೂ 90ಕ್ಕೂ ಹೆಚ್ಚು ಪುಸ್ತಕಕ್ಕೆ ಸಾಲುತ್ತೆ. ನಮ್ಮ ನಿಮ್ಮ ವೇಗಕ್ಕೆ ಮೂರ್ನಾಲ್ಕು ವರ್ಷ.

ಚಿತ್ರದುರ್ಗದ ಕೋಟೆಯ ಇತಿಹಾಸದ ಪುಸ್ತಕ ಓದ್ತಿದೀನಿ ಅಂದಿರಲ್ಲ, ಅದರದೇ ಒಂದು ದಿನದ ಮಾದರಿ:

12/6, ಪು. 41–60. ಕೋಟೆ ಒಂದೇ ಮುತ್ತಿಗೆಗೆ ಬೀಳಲಿಲ್ಲ. ಹೈದರಾಲಿ ಮತ್ತೆ ಮತ್ತೆ ಬಂದ, ಕೈವಶ ಆದದ್ದು 1779ರಲ್ಲಿ.
ಪ: ಬತೇರಿ (ಪು. 53)
? ಅಷ್ಟು ದಿನ ಒಳಗಿದ್ದವರಿಗೆ ನೀರು ಎಲ್ಲಿಂದ?

ಇಷ್ಟೇ. ಎಡ ಅಂಚಿನಲ್ಲಿ ಮೂರು ಗುರುತು ಸಾಕು: "ಉ" ಅಂದರೆ ಉದ್ಧರಣೆ, "ಪ" ಅಂದರೆ ಹೊಸ ಪದ, "?" ಅಂದರೆ ಪ್ರಶ್ನೆ. ಗುರುತಿಲ್ಲದ್ದೆಲ್ಲ ನಿಮ್ಮ ಮಾತು. ಉದ್ಧರಣೆ ಹಾಕಿದರೆ ಅಕ್ಷರ ತಪ್ಪದೆ, ಪುಟದ ಸಂಖ್ಯೆ ಸಮೇತ ಹಾಕಿ. ಇಲ್ಲದಿದ್ದರೆ ಎರಡು ವರ್ಷ ಬಿಟ್ಟು ತಿರುಗಿಸಿದಾಗ ಯಾವುದು ಲೇಖಕರದು, ಯಾವುದು ನಿಮ್ಮದು ಅಂತ ಗೊತ್ತಾಗಲ್ಲ. ಯಾರಿಗಾದರೂ ಭಾಷಣಕ್ಕೆ ಕೊಟ್ಟಾಗ ಎಡವಟ್ಟಾಗೋದು ಹೀಗೇ. ಒಂದು ಪುಸ್ತಕಕ್ಕೆ ಮೂರು ಉದ್ಧರಣೆ ಮೀರದಿರಲಿ.

ಪ್ರಶ್ನೆಯ ಗೆರೆಯನ್ನು ಮಾತ್ರ ಯಾವತ್ತೂ ಬಿಡಬೇಡಿ. ಡೈರಿಗೆ ಜೀವ ಬರೋದು ಅಲ್ಲಿಂದ. ಮೇಲಿನ ಪ್ರಶ್ನೆಯನ್ನೇ ತಗೊಳ್ಳಿ. ಕೆಲಸ ಇರೋದು ದುರ್ಗದಲ್ಲಿ, ಅರ್ಧ ದಿನ ಬಿಡುವಿದ್ದಾಗ ಮೇಲೆ ಹತ್ತಿ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ನೋಡಿ ಬಂದರೆ ಒಂದು ತುಂಬಿ ಇನ್ನೊಂದಕ್ಕೆ ಹರಿಯೋ ಏರ್ಪಾಡು ಕಣ್ಣಿಗೇ ಕಾಣುತ್ತೆ. ಆ ಪ್ರಶ್ನೆ ಇರೋ ಗೆರೆಯ ಪಕ್ಕ ದಿನಾಂಕ ಹಾಕಿ ಉತ್ತರ ಬರೀರಿ. ಆಮೇಲೆ ಆ ಅಧ್ಯಾಯ ಮರೆಯೋಕೆ ಹೋದರೂ ಆಗಲ್ಲ.

ತಲೆಬರಹದ ಮೂರು ಗೆರೆ: ಪುಸ್ತಕ ಮತ್ತು ಲೇಖಕರ ಹೆಸರು, ಪ್ರಕಾಶನ, ಮುದ್ರಣದ ವರ್ಷ, ಎಲ್ಲಿಂದ ಬಂತು, ಯಾವಾಗ ಶುರು. ಮುದ್ರಣದ ವರ್ಷ ಯಾಕೆ ಬೇಕು ಅಂತ ಯಾರೋ ಮೇಲೆ ಕೇಳಿದಾರೆ. ನಮ್ಮ ಕಡೆಯ ಪುಸ್ತಕಗಳಿಗೆ ಅದು ಬೇಕೇ ಬೇಕು. ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಿದ್ದು 1933ರಲ್ಲಿ ಒಂದೇ ಸಲ ಅಂತ ಹಳೇ ಪುಸ್ತಕದಲ್ಲಿ ಇದ್ದರೆ ಅದು ಬರೆದಾಗ ನಿಜವೇ. 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿತ್ತು. ಹಾಗೇ ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕಿಂತ ಹಿಂದಿನ ಪುಸ್ತಕದಲ್ಲಿ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು, ಚನ್ನಗಿರಿ ಶಿವಮೊಗ್ಗ ಜಿಲ್ಲೆಯದು. ವರ್ಷ ಬರೆದಿಟ್ಟಿರದಿದ್ದರೆ ಮುಂದೊಂದು ದಿನ ಟಿಪ್ಪಣಿ ಓದಿ ಲೇಖಕರೇ ತಪ್ಪು ಮಾಡಿದಾರೆ ಅಂದುಕೊಳ್ತೀರಿ. ಮೊದಲ ಮುದ್ರಣ, ಈಗಿನ ಮುದ್ರಣ ಎರಡೂ ಒಳಪುಟದಲ್ಲಿ ಇರುತ್ತೆ, ಎರಡನ್ನೂ ಬರೀರಿ.

ಯಾವಾಗ ಬರೆಯೋದು ಅನ್ನೋದಕ್ಕೆ. ಓಡ್ತಿರೋ ಬಸ್ಸಿನಲ್ಲಿ ನೋಟ್‌ಬುಕ್ ತೆಗೀಬೇಡಿ. ಹೈವೇನಲ್ಲಿ ಪರವಾಗಿಲ್ಲ ಅನ್ನಿಸಿದರೂ ಊರೊಳಗೆ ಹಂಪ್ ಸಿಕ್ಕ ಕೂಡಲೇ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗುತ್ತೆ, ಆಮೇಲೆ ಅದನ್ನು ನೋಡಿ ನಿಮಗೇ ಬೇಜಾರು. ಬದಲಿಗೆ ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿ ಒಂದು ಚೀಟಿಯನ್ನು ಪುಸ್ತಕದೊಳಗೆ ಇಡಿ. ಒಂದು ಮಗ್ಗುಲು ಪ್ರಿಂಟ್ ಆಗಿ ಬಿಸಾಕೋ ಜೆರಾಕ್ಸ್ ಹಾಳೆ ಆದರೂ ನಡೆಯುತ್ತೆ. ಪುಟದ ಗುರುತೂ ಅದೇ, ಕಚ್ಚಾ ಟಿಪ್ಪಣಿಯೂ ಅದೇ. ಇಳಿಯೋಕೆ ಐದು ನಿಮಿಷ ಮುಂಚೆ ಪುಸ್ತಕ ಮುಚ್ಚಿ, ಚೀಟಿ ಮೇಲೆ ಪೆನ್ಸಿಲ್‌ನಲ್ಲಿ ಪುಟದ ಸಂಖ್ಯೆ ಮತ್ತು ನಾಲ್ಕೇ ನಾಲ್ಕು ಪದ: "ಮುತ್ತಿಗೆ, 1779, ಬತೇರಿ, ನೀರು?" ಪೆನ್ಸಿಲ್ ಯಾಕೆ ಅಂದರೆ ಚೀಟಿಯನ್ನು ಹೇಗೆ ಹಿಡಿದರೂ ಬರೆಯುತ್ತೆ, ಬ್ಯಾಗಿನಲ್ಲಿ ಸೋರಲ್ಲ. ಎಚ್‌ಬಿ ಮಸುಕು ಅನ್ನಿಸಿದರೆ 2ಬಿ ತಗೊಳ್ಳಿ. ಬಸ್ಸಿನ ಉಚಿತ (ಶೂನ್ಯ) ಟಿಕೆಟ್ ಹಿಂದೆ ಬರ್ಕೊಳ್ಳೋ ಅಭ್ಯಾಸ ಬಹಳ ಜನಕ್ಕಿದೆ, ಅದು ಬೇಡ. ಮಷಿನ್ ಟಿಕೆಟ್ಟಿನದು ಶಾಖಕ್ಕೆ ಬಣ್ಣ ತಿರುಗೋ ಕಾಗದ, ಅಚ್ಚಾದ ಅಕ್ಷರವೂ ಕೆಲ ತಿಂಗಳಲ್ಲಿ ಮಾಸುತ್ತೆ, ಕಾಗದವೂ ಸುರುಳಿ ಸುತ್ತಿಕೊಳ್ಳುತ್ತೆ.

ಮನೆಗೆ ಬಂದ ಮೇಲೆ ಕುಕ್ಕರ್ ಮೂರು ಕೂಗು ಕೂಗೋಷ್ಟರಲ್ಲಿ ಆ ನಾಲ್ಕು ಪದವನ್ನು ಮೂರು ಗೆರೆ ಮಾಡಿ. ಹೊಸದಾಗಿ ಸಮಯ ಹೊಂದಿಸೋಕೆ ಹೋಗಬೇಡಿ, ದಿನಾ ತಪ್ಪದೆ ಆಗೋ ಕೆಲಸದ ಬಾಲಕ್ಕೆ ಕಟ್ಟಿ. "ರಾತ್ರಿ ಎಲ್ಲಾ ಮಲಗಿದ ಮೇಲೆ" ಅಂತ ಇಟ್ಟುಕೊಂಡವರ ಡೈರಿ ಹದಿನೈದು ದಿನ ದಾಟಲ್ಲ, ಯಾಕಂದರೆ ಮಲಗಿಸೋರೇ ಮೊದಲು ಮಲಗಿರ್ತಾರೆ. ನೋಟ್‌ಬುಕ್ ಅಡುಗೆಮನೆ ಪಕ್ಕದ ಕಿಟಕಿ ಗೂಡಿನಲ್ಲೋ ಫ್ರಿಜ್ ಮೇಲೋ ಇರಲಿ. ಬೀರು ಒಳಗೆ ಹೋಯ್ತು ಅಂದರೆ ಮುಗೀತು. ಎಣ್ಣೆ ಕೈ ಬೀಳುತ್ತೆ, ಬೀಳಲಿ ಬಿಡಿ.

ತಪ್ಪಿದ ದಿನಗಳ ವಿಷಯ. ಮದುವೆ, ಜಾತ್ರೆ, ಪರೀಕ್ಷೆ ಅಂತ ಹತ್ತು ದಿನ ತಪ್ಪಿದರೆ ಆ ಹತ್ತನ್ನೂ ತುಂಬೋಕೆ ಕೂರಬೇಡಿ. ಮೂವತ್ತು ಗೆರೆ ಸಾಲ ಅಂತ ಕಂಡ ಕೂಡಲೇ ಮನಸ್ಸು ಹಿಂದೆ ಸರಿಯುತ್ತೆ, ನಿಮ್ಮ ಎರಡನೇ ಡೈರಿ ನಿಂತಿದ್ದು ಅಲ್ಲೇ ಅಂತ ನೀವೇ ಬರೆದಿದೀರಿ. ಒಂದು ಅಡ್ಡಗೆರೆ ಎಳೆದು ಇವತ್ತಿನ ದಿನಾಂಕ, ಇವತ್ತಿನ ಪುಟದಿಂದ ಮುಂದುವರಿಸಿ. ಪುಸ್ತಕವನ್ನೇ ಅರ್ಧಕ್ಕೆ ಬಿಟ್ಟರೆ "ಪು. 112ಕ್ಕೆ ಬಿಟ್ಟೆ" ಅಂತ ಕಾರಣ ಸಮೇತ ಬರೀರಿ. ಭಾಷೆ ಭಾರ ಆಯ್ತೋ, ಲೈಬ್ರರಿ ಗಡುವು ಮುಗೀತೋ, ಪಾತ್ರಗಳ ಹೆಸರು ಕಲಸಿಹೋಯ್ತೋ. ಹೆಸರು ಕಲಸೋದೇ ತೊಂದರೆ ಅಂದರೆ ಎರಡು ಪುಟದ ಬಲ ಅಂಚಿನಲ್ಲಿ ಮೂರು ಬೆರಳಗಲ ಜಾಗ ಬಿಟ್ಟು ವಂಶವೃಕ್ಷ ಹಾಕ್ತಾ ಹೋಗಿ. ಪಾಳೆಯಗಾರರ ಪುಸ್ತಕಗಳಿಗೆ ಇದಿಲ್ಲದೆ ಆಗಲ್ಲ, ಮದಕರಿ ನಾಯಕ ಅನ್ನೋ ಹೆಸರಿನವರೇ ಎಷ್ಟು ಜನ!

ನೋಟ್‌ಬುಕ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೊಬೇಡಿ, ಎರಡೇ ನೋಡಿ. ಹೊಲಿಗೆ ಇರಬೇಕು. ನಡುವೆ ಅಲ್ಲಲ್ಲಿ ಬಿಡಿಸಿ ನೋಡಿದರೆ ದಾರ ಕಾಣುತ್ತೆ. ಬರೀ ಅಂಟಿನ ಬೈಂಡಿಂಗ್ ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅಂಟು ಗರಿಗರಿಯಾಗಿ ಬೆನ್ನು ಸೀಳುತ್ತೆ, ಹಾಳೆ ಒಂದೊಂದೇ ಕಳಚುತ್ತೆ. ಸ್ಪೈರಲ್ ಆದರೆ ಬ್ಯಾಗಿನಲ್ಲಿ ತಂತಿ ಸೊಟ್ಟಗಾಗಿ ಹಾಳೆ ಸಿಕ್ಕಿಕೊಳ್ಳುತ್ತೆ. ಎರಡನೇದು ಕಾಗದದ ದಪ್ಪ: 70 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಅಥವಾ ಮೇಲೆ ಇರಲಿ, ತೆಳು ಹಾಳೆಯಲ್ಲಿ ಬರೆದದ್ದು ಹಿಂದಿನ ಪುಟಕ್ಕೆ ಮೂಡುತ್ತೆ. ಜೆಲ್ ಪೆನ್ನಿನಲ್ಲಿ ಬರೆದು ತಕ್ಷಣ ಮುಚ್ಚಿದರೆ ಎದುರು ಪುಟಕ್ಕೆ ಅಂಟುತ್ತೆ, ಸಾದಾ ಬಾಲ್ ಪೆನ್ ಸಾಕು. ಚೀಟಿಗಳನ್ನು ಇಡೋಕೆ ಹಿಂದಿನ ರಟ್ಟಿನ ಒಳಗೆ ಮದುವೆ ಪತ್ರಿಕೆಯ ಕವರ್ ಒಂದನ್ನು ಅಂಟಿಸಿ. ಮೈದಾ ಅಂಟು ಬೇಡ, ಹುಳ ಬರುತ್ತೆ. ಫೆವಿಕಾಲ್ ತೆಳ್ಳಗೆ ಸವರಿ.

ನೋಟ್‌ಬುಕ್ಕಿನ ಮೊದಲ ನಾಲ್ಕು ಪುಟ ಸೂಚಿಗೆ, ಅಂದರೆ ಯಾವ ಲೇಖಕರು ಯಾವ ಪುಟದಲ್ಲಿ ಅನ್ನೋ ಪಟ್ಟಿಗೆ. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿ, ಒಂದು ಸಂಜೆಯ ಕೆಲಸ, ಮಕ್ಕಳ ಕೈಲೂ ಮಾಡಿಸಬಹುದು. ಸೂಚಿಗೆ ಐವತ್ತು ಅಕ್ಷರಕ್ಕೂ ಮನೆ ಕಟ್ಟಬೇಡಿ, ಎಂಟು ಗುಂಪು ಸಾಕು: ಸ್ವರಗಳೆಲ್ಲ ಸೇರಿ ಒಂದು, ಕ ವರ್ಗ, ಚ ವರ್ಗ, ಟ ವರ್ಗ, ತ ವರ್ಗ, ಪ ವರ್ಗ, ಯ ರ ಲ ವ, ಉಳಿದದ್ದು. ಇಲ್ಲಿ ಎಲ್ಲರೂ ಎಡವೋ ಜಾಗ ಇನಿಷಿಯಲ್. ಬಿ., ಎಸ್., ಕೆ. ಅಂತ ಹಾಕ್ತಾ ಹೋದರೆ ಅರ್ಧ ಕನ್ನಡ ಸಾಹಿತ್ಯ ಮೂರೇ ಮನೆಯಲ್ಲಿ ಕೂತಿರುತ್ತೆ. ಬಾಯಲ್ಲಿ ಯಾವ ಹೆಸರು ಬರುತ್ತೋ ಆ ಹೆಸರಿನ ಮೊದಲ ಅಕ್ಷರಕ್ಕೆ ಹಾಕಿ. ತ.ರಾ.ಸು. ಅಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್, ಆದರೆ ಯಾರೂ ಸುಬ್ಬರಾವ್ ಅಂತ ಹುಡುಕಲ್ಲ, ಹಾಗಾಗಿ ತ ವರ್ಗಕ್ಕೆ. (ತಳುಕು ನಮ್ಮ ಚಳ್ಳಕೆರೆ ತಾಲ್ಲೂಕಿನದೇ.) ಹಿಂದಿನ ಹತ್ತು ಪುಟ ಪದಗಳಿಗೆ. ಪದ ಒಂದನ್ನೇ ಬರೆದರೆ ಪ್ರಯೋಜನ ಇಲ್ಲ, ಅದು ಬಂದ ವಾಕ್ಯದ ನಾಲ್ಕು ಪದವನ್ನೂ ಸೇರಿಸಿ. ಕರಾವಳಿ, ಧಾರವಾಡ ಕಡೆಯ ಕಾದಂಬರಿಗಳಲ್ಲಿ ಎಷ್ಟೋ ಪದ ನಿಘಂಟಿನಲ್ಲಿ ಸಿಗಲ್ಲ, ವಾಕ್ಯ ಇದ್ದರೆ ಆ ಕಡೆಯವರನ್ನು ಕೇಳಬಹುದು.

ಮೊಬೈಲ್ ಬೇಡ ಅಂತಲ್ಲ. ಆದರೆ ಪುಟದ ಫೋಟೋ ಹೊಡೆದಿಟ್ಟರೆ ಗ್ಯಾಲರಿಯಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಹೂತುಹೋಗುತ್ತೆ. ಟೈಪ್ ಮಾಡೋದಾದರೆ ಯೂನಿಕೋಡ್‌ನಲ್ಲೇ (ಕಂಪ್ಯೂಟರ್, ಮೊಬೈಲ್ ಎಲ್ಲದರಲ್ಲೂ ಓದೋಕೆ ಬರೋ ಅಕ್ಷರ ಸಂಕೇತ) ಮಾಡಿ, ನಿಮಗೆ ನೀವೇ ವಾಟ್ಸಾಪ್ ಕಳಿಸ್ಕೊಳ್ಳಿ, ಪ್ರತಿ ಸಲ "ಓದು" ಅಂತ ಶುರು ಮಾಡಿದರೆ ಹುಡುಕಿದಾಗ ಎಲ್ಲಾ ಒಟ್ಟಿಗೆ ಬರುತ್ತೆ. ಆಫೀಸ್ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಆಗಿ ಕಾಣುತ್ತೆ. ಗೂಗಲ್ ಲೆನ್ಸ್‌ನಲ್ಲಿ ಪುಟದ ಫೋಟೋದಿಂದ ಅಕ್ಷರ ಎತ್ತಿದರೆ ಒತ್ತಕ್ಷರ, ಅರ್ಕಾವತ್ತುಗಳನ್ನು ಪುಸ್ತಕದ ಜೊತೆ ಹೋಲಿಸಿ ಓದಿ ಸರಿಮಾಡಿ, ಹಳೇ ಅಚ್ಚಿನ ಪುಸ್ತಕದಲ್ಲಿ ತಪ್ಪು ಜಾಸ್ತಿ. ಇ-ಪುಸ್ತಕ ಓದುವಾಗ ಅಕ್ಷರ ದೊಡ್ಡದು ಮಾಡಿದರೆ ಪುಟಸಂಖ್ಯೆ ಬದಲಾಗಬಹುದು, ಅಧ್ಯಾಯದ ಸಂಖ್ಯೆ ಬರ್ಕೊಳ್ಳಿ.

ಲೈಬ್ರರಿ ಪುಸ್ತಕಕ್ಕೆ ಪೆನ್ಸಿಲ್ ಗೆರೆಯೂ ಬೇಡ, ಬಣ್ಣದ ಅಂಟುಚೀಟಿಯೂ ಬೇಡ. ಆ ಅಂಟು ಹಳೇ ಕಾಗದದ ಮೇಲಿನ ಪದರ ಕೀಳುತ್ತೆ, ಅಲ್ಲೇ ಬಿಟ್ಟರೆ ಕಲೆಯಾಗಿ ಧೂಳು ಹಿಡಿಯುತ್ತೆ. ಒಳಗಿರೋ ಅದೇ ಚೀಟಿಯಲ್ಲಿ "53, ಮೇಲಿಂದ 4ನೇ ಸಾಲು" ಅಂತ ಬರೆದರೆ ಸಾಕು. ವಾಪಸ್ ಕೊಡೋ ಹಿಂದಿನ ದಿನ ಚೀಟಿ ಹೊರಗೆ ತೆಗೀರಿ, ಎಷ್ಟೋ ಜನರ ಟಿಪ್ಪಣಿ ಪುಸ್ತಕದ ಜೊತೆಗೇ ಲೈಬ್ರರಿಗೆ ಹೋಗಿದೆ.

ತಿಂಗಳಿಗೊಮ್ಮೆ ಕರೆಂಟ್ ಬಿಲ್ ಬಂದ ದಿನ ಹದಿನೈದು ನಿಮಿಷ ಕೂತು ಆ ತಿಂಗಳ "?"ಗಳನ್ನು ಮಾತ್ರ ತಿರುವಿಹಾಕಿ. ಉತ್ತರ ಸಿಕ್ಕಿದ್ದಕ್ಕೆ ಉತ್ತರ, ಆಸಕ್ತಿ ಹೋಗಿದ್ದಕ್ಕೆ ಅಡ್ಡಗೆರೆ. ಉಳಿದಿದ್ದರಲ್ಲೇ ಮುಂದಿನ ಪುಸ್ತಕ ಯಾವುದು ಅನ್ನೋದೂ ಸಿಗುತ್ತೆ. ನಕ್ಷತ್ರ ಕೊಡೋದು, ಐದು ಬಣ್ಣದ ಪೆನ್ ಅಂತ ಮೇಲೆ ಕೆಲವರು ಹೇಳಿದಾರೆ. ಬೇಡ ಅನ್ನಲ್ಲ, ಆದರೆ ನಾಲ್ಕು ನಕ್ಷತ್ರ ನೋಡಿದರೆ ಪುಸ್ತಕದಲ್ಲಿ ಏನಿತ್ತು ಅಂತ ನೆನಪಾಗಲ್ಲ.

ಹೊಸ ನೋಟ್‌ಬುಕ್ ಈಗಲೇ ಕೊಳ್ಳಬೇಡಿ. ನಿಮ್ಮ ಮೂರನೇ ಡೈರಿ ಫೋಟೋದಲ್ಲಿ ಹೊಲಿಗೆಯದೇ ಕಾಣುತ್ತೆ, ಆರು ಪುಟ ಬಿಟ್ಟರೆ ಪೂರ್ತಿ ಖಾಲಿ. ಆ ಬರೆದ ಹಾಳೆಗಳನ್ನು ಹರಿದು ಬಿಸಾಕೋಕೆ ಹೋಗಬೇಡಿ, ಹೊಲಿಗೆ ಪುಸ್ತಕದಲ್ಲಿ ಒಂದು ಹಾಳೆ ಕಿತ್ತರೆ ಅದರ ಜೋಡಿ ಹಾಳೆ ಆ ಕಡೆ ಸಡಿಲ ಆಗುತ್ತೆ. ಆರನೇ ಪುಟದ ಆ ಒಂಟಿ ದಿನಾಂಕದ ಕೆಳಗೆ ಅಡ್ಡಗೆರೆ ಎಳೀರಿ. ಸೂಚಿಗೆ ಮುಂದೆ ಜಾಗ ಇಲ್ಲ, ಕೊನೆಯ ನಾಲ್ಕು ಪುಟ ಅದಕ್ಕೆ, ಅದರ ಹಿಂದಿನ ಹತ್ತು ಪದಗಳಿಗೆ. ಎಂಟನೇ ಪುಟದಿಂದ ಶುರು ಮಾಡಿ, ಹಾಗಾದರೆ 8–9, 10–11 ಅಂತ ಎದುರುಬದುರು ಸರಿಯಾಗಿ ಕೂರುತ್ತೆ.