ಅತ್ತೆಯ ಕಾರ್ಡಿನಲ್ಲಿ ಹೆಸರು, ಸೊಸೆಯ ಮನೆಯಲ್ಲಿ ಅಕ್ಕಿ ಇಲ್ಲ

ಸಲಹೆಗಾರ್ತಿಯಾದ ನನ್ನ ಬಳಿಗೆ ಬಂದ ಈ ತಾಯಿಯನ್ನು ಸುಮತಿ ಎಂದು ಕರೆಯೋಣ. ಹೆಸರು, ವಯಸ್ಸು, ಬೀದಿ ಎಲ್ಲವನ್ನೂ ಬದಲಿಸಿದ್ದೇನೆ. ಮಂಗಳೂರು ನಗರದ ಉತ್ತರದ ಅಂಚಿನಲ್ಲಿ ಬಾಡಿಗೆಯ ಒಂದು ಕೋಣೆ, ಮೂವರು ಮಕ್ಕಳು. ದೊಡ್ಡವನು ಸರಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸ್. ಮಗಳಿಗೆ ನಾಲ್ಕು ವರ್ಷ. ಕೊನೆಯದು ಐದು ತಿಂಗಳ ಕೂಸು. ಗಂಡ ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಟ್ರಾಲ್ ಬೋಟಿನ ಕೆಲಸಕ್ಕೆ ಹೋಗುವವರು. ಸುಮತಿ ಮನೆಯಲ್ಲೇ ಬೀಡಿ ಕಟ್ಟುತ್ತಾರೆ.

ಅವರನ್ನು ಕಳಿಸಿದ್ದು ಮಗನ ಟೀಚರ್. "ತಾಯಿಗೆ ಸಿಟ್ಟು ಜಾಸ್ತಿ, ಹುಡುಗನ ಕೈಮೇಲೆ ಬರೆ ಇದೆ, ಮಾತಾಡಿ ನೋಡಿ" ಎಂದು ಚೀಟಿ ಬರೆದಿದ್ದರು. ನಾನು ಟೀಚರಿಗೆ ಫೋನ್ ಮಾಡಿ ಹುಡುಗನ ದಿನಚರಿ ಕೇಳಿದೆ. ಅವರು ಹೇಳಿದ ಒಂದು ವಿಷಯ ಕಿವಿಯಲ್ಲಿ ಉಳಿಯಿತು. ಬೆಳಿಗ್ಗೆ ಶಾಲೆಯ ಹಾಲು ಕುಡಿಯುವ ತನಕ ಹುಡುಗ ಮಂಕಾಗಿರುತ್ತಾನೆ. ಸೋಮವಾರ ಮಾತ್ರ ಮಧ್ಯಾಹ್ನದ ಊಟ ಗಬಗಬ ತಿಂದು ಹೊಟ್ಟೆನೋವು ಎನ್ನುತ್ತಾನೆ. ಭಾನುವಾರ ಶಾಲೆಯ ಊಟ ಇಲ್ಲ, ಅಲ್ವಾ?

ಅದು ಜುಲೈ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ನಿಷೇಧ ಬೇಕಾದದ್ದೇ. ಆದರೆ ಬೋಟಿನ ಗಳಿಕೆಯ ಪಾಲಿನ ಮೇಲೆ ಬದುಕುವ ಮನೆಗೆ ಎರಡು ತಿಂಗಳು ಕಾಸು ಬರುವುದಿಲ್ಲ. ಸುಮತಿಯ ಗಂಡ ಒಮ್ಮೊಮ್ಮೆ ನಾಡದೋಣಿಗೆ ಕೈ ಸಹಾಯಕ್ಕೆ ಹೋಗುತ್ತಿದ್ದರು. ಗಾಳಿಮಳೆ ಜೋರಾದರೆ ಅದೂ ಇಲ್ಲ. ಬೀಡಿಯನ್ನು ಸುಮತಿ ನೆರೆಮನೆಯವರ ಹೆಸರಿನ ಬೀಡಿ ಲೆಕ್ಕದ ಪುಸ್ತಕದಲ್ಲಿ ಕಟ್ಟಿ ಕೊಡುತ್ತಿದ್ದರು. ಅದರಲ್ಲಿ ಇವರ ಕೈಗೆ ಬರುವುದು ಕಡಿಮೆ.

ಮೊದಲ ಭೇಟಿಯಲ್ಲಿ ಸಿಟ್ಟಿನ ಬಗ್ಗೆ ನಾನು ಕೇಳಲೇ ಇಲ್ಲ. "ನಿನ್ನೆ ಬೆಳಗಿನಿಂದ ರಾತ್ರಿವರೆಗೆ ಮನೆಯಲ್ಲಿ ಯಾರು ಎಂತ ತಿಂದಿರಿ?" ಎಂದು ಕೇಳಿದೆ. "ತಿಂಡಿ ಆಯ್ತಾ" ಎಂದು ಕೇಳಿದರೆ ನಮ್ಮ ಕಡೆ ಎಲ್ಲರೂ "ಆಯ್ತು" ಎಂದೇ ಹೇಳುವುದು. ಒಬ್ಬೊಬ್ಬರದ್ದೇ ಕೇಳಬೇಕು. ಗಂಡನಿಗೆ ಗಂಜಿ, ಚಟ್ನಿ. ಮಗಳಿಗೆ ಗಂಜಿ, ಬಿಸ್ಕತ್ತು. ಮಗನಿಗೆ ಶಾಲೆಯ ಊಟ. ತನ್ನದು ಬಂದಾಗ ಸುಮತಿ ಕೂಸಿನ ಟೊಪ್ಪಿ ಸರಿ ಮಾಡಿದರು. "ನಂಗೆ ಹಸಿವೆ ಇಲ್ಲ ಮೇಡಂ. ಗಂಜಿಯ ತಿಳಿ ಕುಡಿದೆ."

ಎದೆಹಾಲು ಕೊಡುವ ತಾಯಿ ಒಂದು ತಿಂಗಳಿನಿಂದ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದರು. ಸಂಜೆ ಹೊತ್ತಿಗೆ ಕೈ ನಡುಗುತ್ತದೆ, ತಲೆ ಸಿಡಿಯುತ್ತದೆ. ಅದೇ ಹೊತ್ತಿಗೆ ಮಗ ಶಾಲೆಯಿಂದ ಬಂದು "ತಿನ್ಲಿಕ್ಕೆ ಎಂತ ಉಂಟಮ್ಮ" ಎನ್ನುತ್ತಾನೆ. ಏಟು ಬೀಳುವುದು ಆಗಲೇ. ಹಸಿದವರು ಹೊಡೆದರೆ ಅದು ಸರಿ ಎಂದಾಗುವುದಿಲ್ಲ, ಅದನ್ನೂ ಅವರಿಗೆ ಹೇಳಿದೆ. ಆದರೆ ಖಾಲಿ ಹೊಟ್ಟೆಗೆ ಉಸಿರಾಟದ ವ್ಯಾಯಾಮ ಹೇಳಿಕೊಡುವ ಸಲಹೆಗಾರ್ತಿ ನಾನಲ್ಲ. ಮೊದಲು ಅಕ್ಕಿ, ಆಮೇಲೆ ಸಿಟ್ಟು.

"ರೇಷನ್ ಕಾರ್ಡ್ ಉಂಟಾ?" ಎಂದೆ. ಉಂಟು, ಇಲ್ಲ, ಎರಡೂ. ಕಾರ್ಡ್ ಬಂಟ್ವಾಳ ತಾಲೂಕಿನಲ್ಲಿ ಅತ್ತೆಯ ಹೆಸರಲ್ಲಿದೆ. ಅದರಲ್ಲಿ ಗಂಡ, ಸುಮತಿ, ದೊಡ್ಡ ಮಗನ ಹೆಸರಿದೆ. ಅಣ್ಣಂದಿರ ಜೊತೆ ಜಗಳವಾಗಿ ಇವರು ಮನೆ ಬಿಟ್ಟು ಬಂದ ಮೇಲೆ ಚಿಕ್ಕವರಿಬ್ಬರ ಹೆಸರು ಸೇರಿಸಿಲ್ಲ. ಅಕ್ಕಿ ಅಲ್ಲೇ ಎತ್ತುತ್ತಾರೆ, ಅಲ್ಲೇ ಬೇಯುತ್ತದೆ. ಇವರ ಹೆಸರನ್ನು ತೆಗೆಸಲು ಗಂಡ ಒಪ್ಪುತ್ತಿಲ್ಲ. "ಕಾರ್ಡಿಂದ ಹೆಸರು ಹೋದ್ರೆ ಜಾಗದ ಪಾಲೂ ಹೋಯ್ತು ಅಂತ ಇವರು ಹೇಳ್ತಾರೆ."

ಈ ಹೆದರಿಕೆ ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ. ರೇಷನ್ ಕಾರ್ಡಿಗೂ ಆಸ್ತಿಯ ಹಕ್ಕಿಗೂ ಸಂಬಂಧವೇ ಇಲ್ಲ. ಕಾರ್ಡಿನಲ್ಲಿ ಹೆಸರಿದೆ ಎಂಬ ಕಾರಣಕ್ಕೆ ಪಾಲು ಸಿಗುವುದಿಲ್ಲ, ಹೆಸರು ತೆಗೆದರೆ ಪಾಲು ಹೋಗುವುದೂ ಇಲ್ಲ. ಇದನ್ನು ಗಂಡನಿಗೆ ನಾನು ಹೇಳಿದರೆ ನಡೆಯುವುದಿಲ್ಲ ಎಂದು ಸುಮತಿಗೆ ಗೊತ್ತಿತ್ತು. "ಇವರ ಸೋದರಮಾವ ಹೇಳಿದ್ರೆ ಕೇಳ್ತಾರೆ" ಎಂದರು. ಸರಿ, ಮಾವನನ್ನೇ ಹಿಡಿಯಿರಿ ಎಂದೆ.

ಕಾರ್ಡಿನ ಬಗ್ಗೆ ನಾನು ಕೊಟ್ಟ ಸಲಹೆ ಹೀಗಿತ್ತು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಬಿಪಿಎಲ್ ಕಾರ್ಡಿನಲ್ಲಿ ಒಬ್ಬರಿಗೆ ತಿಂಗಳಿಗೆ 5 ಕೆಜಿ ಧಾನ್ಯ. 2023ರ ಜನವರಿಯಿಂದ ಅದು ಪೂರ್ತಿ ಉಚಿತ. ಅದರ ಮೇಲೆ ರಾಜ್ಯದ ಅನ್ನಭಾಗ್ಯದ ಪಾಲು ಬೇರೆ. ಐದು ಜನರ ಮನೆಗೆ ಕಾಯ್ದೆಯ ಲೆಕ್ಕದಲ್ಲೇ 25 ಕೆಜಿ. ಹಾಗಂತ ಸಿಟ್ಟಿನಲ್ಲಿ ಓಡಿಹೋಗಿ ಹೆಸರು ತೆಗೆಸಬೇಡಿ. ಹೊಸ ಕಾರ್ಡಿನ ಅರ್ಜಿ ಎಲ್ಲಾ ಕಾಲದಲ್ಲೂ ತೆಗೆದುಕೊಳ್ಳುವುದಿಲ್ಲ. ಹಳೆಯದರಿಂದ ಹೆಸರು ಹೋಗಿ ಹೊಸದು ಆಗದಿದ್ದರೆ ಅತ್ತ ಅತ್ತೆಯದ್ದೂ ಇಲ್ಲ, ಇತ್ತ ನಿಮ್ಮದೂ ಇಲ್ಲ. ಮೊದಲು ತಾಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಕೇಳಿ, ಇಲ್ಲವೇ 1967ಕ್ಕೆ ಫೋನ್ ಮಾಡಿ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಕೂಸಿನ ಜನನ ಪ್ರಮಾಣಪತ್ರ ಹಿಡಿದು ಆಧಾರ್ ಮಾಡಿಸಿ. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಬೇಡ. ಹೊಸ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸು, ಅಂದರೆ ನೀವೇ ಯಜಮಾನಿ. ಅರ್ಹತೆ ಇದ್ದರೆ ಗೃಹಲಕ್ಷ್ಮಿಯ 2000 ರೂಪಾಯಿಗೂ ಆಗ ನೀವೇ ಅರ್ಜಿ ಹಾಕಬಹುದು. ಅತ್ತೆಯ ದುಡ್ಡು ಅತ್ತೆಗೆ ಉಳಿಯುತ್ತದೆ, ಇದನ್ನು ಅವರಿಗೆ ಬಿಡಿಸಿ ಹೇಳಿ. ಅರ್ಧ ಜಗಳ ಅಲ್ಲೇ ಮುಗಿಯಬಹುದು.

ಗಂಡ ನಡುವೆ ಒಂದು ಉಪಾಯ ಹೇಳಿ ಕಳಿಸಿದ್ದರು. ಕಾರ್ಡಿನಲ್ಲಿ ಹೆಸರಿರುವ ಯಾರು ಬೇಕಾದರೂ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಅಕ್ಕಿ ಎತ್ತಬಹುದು. ಹಾಗಾಗಿ ಈ ತಿಂಗಳು ತಾನೇ ಮೊದಲು ಹೋಗಿ ಎಲ್ಲರದ್ದೂ ಎತ್ತಿಬಿಡುವುದು! ಬೇಡ ಎಂದೆ. ಅಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಮೂರು ಹೆಸರಿನ ಅಕ್ಕಿ ಕೇಳಿ, ಅದು ನಿಮ್ಮದೇ. ಅದಕ್ಕಿಂತ ಜಾಸ್ತಿ ಬೇಡ.

ಕಾರ್ಡಿಗೆ ಕಾಯಬೇಕು, ಹೊಟ್ಟೆ ಕಾಯುವುದಿಲ್ಲ. ಆದ್ದರಿಂದ ಕಾರ್ಡೇ ಬೇಡದ ದಾರಿಗಳನ್ನು ಅದೇ ವಾರ ಹಿಡಿದೆವು. ಎಲ್ಲಕ್ಕಿಂತ ದೊಡ್ಡದು ಅಂಗನವಾಡಿ. ಅಂಗನವಾಡಿಗೆ ಬಿಪಿಎಲ್ ಕೇಳುವಂತಿಲ್ಲ. ನೀವು ಈಗ ಇರುವ ಬೀದಿಯ ಅಂಗನವಾಡಿಯೇ ನಿಮ್ಮದು. ಮೂರರಿಂದ ಆರು ವರ್ಷದವರಿಗೆ ಬಿಸಿಯೂಟ, ಹಾಲು, ಮೊಟ್ಟೆ. ಆರು ತಿಂಗಳು ದಾಟಿದ ಕೂಸಿಗೆ ಮನೆಗೆ ಒಯ್ಯುವ ಪುಷ್ಟಿ ಎಂಬ ಪೌಷ್ಟಿಕ ಆಹಾರ. ಬಸುರಿಯರಿಗೂ ಹೆತ್ತು ಆರು ತಿಂಗಳವರೆಗಿನ ತಾಯಂದಿರಿಗೂ 2017ರಿಂದ ಮಾತೃಪೂರ್ಣ ಯೋಜನೆಯ ಊಟ ಇದೆ: ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ. ಸುಮತಿಗೆ ಆ ಊಟ ಸಿಗಲು ಉಳಿದಿದ್ದು ಒಂದೇ ತಿಂಗಳು. ಅದಕ್ಕೇ ನಾಳೆ ಅಲ್ಲ, ಇವತ್ತೇ ಎಂದೆ.

ಅಂಗನವಾಡಿ ಅವರ ಕೋಣೆಯಿಂದ ಕೂಗಳತೆಯಲ್ಲಿತ್ತು. ಮಗಳನ್ನು ಯಾಕೆ ಕಳಿಸಿಲ್ಲ? ಪಕ್ಕದ ಮನೆಯ ಮಕ್ಕಳೆಲ್ಲ ವ್ಯಾನಿನಲ್ಲಿ ಎಲ್‌ಕೆಜಿಗೆ ಹೋಗುತ್ತಾರೆ. "ಊಟಕ್ಕಾಗಿ ಕಳಿಸ್ತಾರೆ ಅಂತ ಆಚೆ ಮನೆಯವರು ಹೇಳಿದ್ರೆ?" ಎಂದರು. ನಾನು ಕೇಳಿದೆ: "ಕುದ್ರೋಳಿಯಲ್ಲೋ ಕಟೀಲಿನಲ್ಲೋ ದೇವಸ್ಥಾನದ ಊಟಕ್ಕೆ ಕೂತಾಗ ನಾಚಿಕೆ ಆಗ್ತದಾ?" ಅವರಿಗೆ ನಗು ಬಂತು. "ಅದು ಪ್ರಸಾದ ಅಲ್ವಾ!" ಕಾರಿನಲ್ಲಿ ಬಂದವರೂ ಬಸ್ಸಿನಲ್ಲಿ ಬಂದವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ನಮ್ಮ ಕರಾವಳಿಯ ಒಳ್ಳೆಯ ಅಭ್ಯಾಸ. ಅಲ್ಲಿ ಯಾರೂ ನಿಮ್ಮ ಆದಾಯ ಕೇಳುವುದಿಲ್ಲ. ಅಂಗನವಾಡಿಯ ಊಟ ಸರಕಾರ ಮಗುವಿಗೆ ಕೊಡಲೇಬೇಕಾದ್ದು, ಕಾಯ್ದೆಯಲ್ಲೇ ಬರೆದಿದೆ. ಅದಕ್ಕೆ ಯಾಕೆ ತಲೆ ತಗ್ಗಿಸಬೇಕು? ಭಾನುವಾರಕ್ಕೆ ಮಾತ್ರ ನಾವು ದೇವಸ್ಥಾನವನ್ನೇ ಇಟ್ಟುಕೊಂಡೆವು. ಮಕ್ಕಳನ್ನು ಕರೆದುಕೊಂಡು ಕುದ್ರೋಳಿಗೆ ಹೋಗಿ ಬನ್ನಿ ಎಂದೆ. ಹೆಂಗಸರಿಗೆ ಬಸ್ಸು ಉಚಿತ ಎನ್ನುತ್ತಾರೆ, ಆದರೆ ನಮ್ಮಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಹಾಗಾಗಿ ಹತ್ತಿರದ್ದೇ ಒಳ್ಳೆಯದು. ಗಂಡ ಪೇಟೆಗೆ ಕೆಲಸ ಹುಡುಕಿ ಹೋದ ದಿನ ಇಂದಿರಾ ಕ್ಯಾಂಟೀನಿನಲ್ಲಿ 10 ರೂಪಾಯಿಗೆ ಊಟ ಮಾಡಲಿ.

ಮಗಳ ತೂಕ ನೋಡಿದ ಅಂಗನವಾಡಿ ಟೀಚರ್ ತೋಳಿಗೆ ಟೇಪು ಸುತ್ತಿದರು. ಬಂದದ್ದು ಅಪೌಷ್ಟಿಕತೆಯ ಎಚ್ಚರಿಕೆ ಕೊಡುವ ಹಳದಿ ಪಟ್ಟಿ, ಅಂದರೆ ಹನ್ನೊಂದೂವರೆಗೂ ಹನ್ನೆರಡೂವರೆ ಸೆಂಟಿಮೀಟರಿಗೂ ನಡುವೆ. ಕೆಂಪಿಗೆ ಇಳಿದಿದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕಾಗಿ ಬರಬಹುದಿತ್ತು. ಸುಮತಿಯನ್ನು ರಕ್ತಪರೀಕ್ಷೆಗೂ ಕಬ್ಬಿಣದ ಮಾತ್ರೆಗೂ ಆರೋಗ್ಯ ಕೇಂದ್ರಕ್ಕೆ ಕಳಿಸಿದೆ.

ಇನ್ನೊಂದು ಸಣ್ಣ ವಿಷಯ. ರೇಷನ್ನಿನಲ್ಲಿ ಬೆಳ್ತಿಗೆ, ಅಂದರೆ ಕುದಿಸದ ಬಿಳಿ ಅಕ್ಕಿ ಬಂದರೂ ನಮ್ಮವರಿಗೆ ಗಂಜಿಗೆ ಕುಚ್ಚಲಕ್ಕಿಯೇ ಆಗಬೇಕು. ಅದಕ್ಕಾಗಿ ರೇಷನ್ ಅಕ್ಕಿ ಮಾರಿ ಅಂಗಡಿಯಿಂದ ಕುಚ್ಚಲು ತರುವವರಿದ್ದಾರೆ. ಮಾರುವುದು ತಪ್ಪು, ಸಿಕ್ಕಿಬಿದ್ದರೆ ಕಾರ್ಡಿಗೇ ತೊಂದರೆ. ಬೆಳಿಗ್ಗೆ ನೀರುದೋಸೆ, ಸಂಜೆ ಪುಂಡಿ (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಬೆಳ್ತಿಗೆಯಲ್ಲೇ ಮಾಡಿ, ಗಂಜಿಗೆ ಮಾತ್ರ ಕುಚ್ಚಲು ತನ್ನಿ ಎಂದೆ. ಮಗ ಶಾಲೆಯಿಂದ ಬರುವ ಹೊತ್ತಿಗೆ ಎರಡು ಪುಂಡಿ ಇರಲಿ, ಒಂದು ನಿಮಗೆ.

ಆಗಸ್ಟಿನಲ್ಲಿ ಬೋಟುಗಳು ಹೊರಟವು. ಸೋದರಮಾವ ಮಾತಾಡಿದ ಮೇಲೆ ಅತ್ತೆ ಮೂರು ಹೆಸರಿನ ಅಕ್ಕಿ ಬಸ್ಸಿನಲ್ಲಿ ಕಳಿಸತೊಡಗಿದ್ದಾರೆ, ಮಾತು ಮಾತ್ರ ಇನ್ನೂ ಇಲ್ಲ. ಮಗಳು ಅಂಗನವಾಡಿಗೆ ಹೋಗುತ್ತಿದ್ದಾಳೆ. ಏಟು ಕಡಿಮೆಯಾಗಿದೆ, ನಿಂತಿಲ್ಲ. ಸಿಟ್ಟಿನ ಬಗ್ಗೆ ನಾವು ಮಾತು ಶುರು ಮಾಡಿದ್ದು ಈಗಷ್ಟೇ. ಮುಂದಿನ ನಿಷೇಧಕ್ಕೆ ಮೀನುಗಾರರ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಮೀನುಗಾರ 1500 ರೂಪಾಯಿ ಮೊದಲೇ ಕಟ್ಟಬೇಕು, ಸರಕಾರ 3000 ಸೇರಿಸುತ್ತದೆ. ಅದಕ್ಕೆ ಗಂಡ ಸಹಕಾರಿ ಸಂಘದಲ್ಲಿಯೂ ಮೀನುಗಾರಿಕೆ ಇಲಾಖೆಯಲ್ಲಿಯೂ ವಿಚಾರಿಸಬೇಕು. ಅವರು ಇನ್ನೂ ಹೋಗಿಲ್ಲ. ಹೊಸ ಕಾರ್ಡಿನ ಅರ್ಜಿ ತೆರೆದಿಲ್ಲ, ಕಾಗದಪತ್ರ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸಿದ್ಧವಾಗಿದೆ. ಮುಂದಿನ ಭೇಟಿಗೆ ಗಂಡನನ್ನೂ ಕರೆತರಲು ಹೇಳಿದ್ದೇನೆ.