ತಲೆಯಲ್ಲಿ ಹೊಟ್ಟು, ತುರಿಕೆ: ಕೂದಲಿನ ಔಷಧಿ ಬಿಟ್ಟುಬಿಡಲೇ?

ಪ್ರಶ್ನೆ: ನನಗೆ 29 ವರ್ಷ. ನೆತ್ತಿಯ ಮೇಲೆ ಕೂದಲು ತೆಳ್ಳಗಾಗಿದೆ ಅಂತ ಡಾಕ್ಟರು ಮಿನಾಕ್ಸಿಡಿಲ್ ಕೊಟ್ಟಿದ್ದಾರೆ. ಹಚ್ಚಲು ಶುರುಮಾಡಿ ಒಂದೂವರೆ ತಿಂಗಳಾಯಿತು, ಉದುರುವುದು ಇನ್ನೂ ಜಾಸ್ತಿಯಾಗಿದೆ! ತುರಿಕೆ, ಜಿಡ್ಡು ಜಿಡ್ಡಾದ ಹಳದಿ ಹೊಟ್ಟು ಬೇರೆ. ಅದಕ್ಕೆ ರಾತ್ರಿ ಎಣ್ಣೆ ಹಚ್ಚುತ್ತೇನೆ. ಕೂದಲು ಉದುರೀತು ಅನ್ನೋ ಭಯಕ್ಕೆ ತಲೆಗೆ ನೀರು ಹಾಕುವುದೂ ಕಡಿಮೆ. ಔಷಧಿ ನಿಲ್ಲಿಸಲೇ?

ಉತ್ತರ: ಉದುರುತ್ತಿದೆ ಅನ್ನೋ ಕಾರಣಕ್ಕೆ ನಿಲ್ಲಿಸಬೇಡಿ. ಈ ಔಷಧಿ ಶುರುಮಾಡಿದ ಮೊದಲ ಕೆಲವು ವಾರ ಹಳೆಯ ಕೂದಲು ಉದುರಿ ಹೊಸದಕ್ಕೆ ಜಾಗ ಬಿಡುತ್ತದೆ, ಆಮೇಲೆ ತಾನಾಗಿ ಕಡಿಮೆಯಾಗುತ್ತದೆ. ಗುಣ ಕಾಣಲು ನಾಲ್ಕರಿಂದ ಆರು ತಿಂಗಳಾದರೂ ಬೇಕು.

ನನಗೆ ಚಿಂತೆಯಾಗಿದ್ದು ನಿಮ್ಮ ತಲೆಯ ಚರ್ಮದ ಬಗ್ಗೆ. ನೀವು ಹೇಳುವ ಹೊಟ್ಟು ಸೆಬೋರಿಕ್ ಡರ್ಮಟೈಟಿಸ್, ಅಂದರೆ ಜಿಡ್ಡಿರುವ ಚರ್ಮದಲ್ಲಿ ಬರುವ ಉರಿಯೂತ, ಇದ್ದ ಹಾಗಿದೆ. ಮಲಸೀಜಿಯಾ ಅನ್ನೋ ಶಿಲೀಂಧ್ರ ಎಲ್ಲರ ತಲೆಯಲ್ಲೂ ಇರುತ್ತದೆ, ಚರ್ಮದ ಜಿಡ್ಡೇ ಅದರ ಆಹಾರ, ಹಾಗಿರುವಾಗ ರಾತ್ರಿಯಿಡೀ ಎಣ್ಣೆ ಬಿಟ್ಟರೆ ಅದಕ್ಕೆ ಇನ್ನಷ್ಟು ಅನುಕೂಲ ಅಲ್ವಾ? ಎಣ್ಣೆ ನಿಲ್ಲಿಸಿ. ತಲೆ ತೊಳೆಯುವಾಗ ಕೈಗೆ ಬರುವ ಕೂದಲು ಹೇಗೂ ಉದುರಬೇಕಾಗಿದ್ದವೇ. ಡಾಕ್ಟರನ್ನು ಕೇಳಿ ಶಿಲೀಂಧ್ರ ತಡೆಯುವ 2% ಕೀಟೊಕೊನಜೋಲ್ ಶಾಂಪೂ ವಾರಕ್ಕೆರಡು ಸಲ ಬಳಸಿ. ಬೆರಳ ತುದಿಯಿಂದ ಚರ್ಮಕ್ಕೆ ಹಚ್ಚಿ, ಉಗುರು ತಾಗಿಸಬೇಡಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಎರಡರಿಂದ ನಾಲ್ಕು ವಾರದಲ್ಲಿ ತುರಿಕೆ ಇಳಿಯಬೇಕು.

ಮಿನಾಕ್ಸಿಡಿಲ್ ಹಚ್ಚಬೇಕಾದ್ದು ಕೂದಲಿಗಲ್ಲ, ಚರ್ಮಕ್ಕೆ. ಹೊಟ್ಟು, ಎಣ್ಣೆ ಕೂತಿರುವ ಕಡೆ ಅದು ಸರಿಯಾಗಿ ಒಳಗಿಳಿಯುವುದಿಲ್ಲ. ತಲೆ ಪೂರ್ತಿ ಒಣಗಿದ ಮೇಲೆ ಬೈತಲೆ ತೆಗೆದು, ಚರ್ಮ ಕಂಡ ಕಡೆ ಹಚ್ಚಿ.

ಹಚ್ಚಿದ ಕೂಡಲೇ ಉರಿಯುತ್ತದೆಯೇ, ಕೆಂಪಾಗುತ್ತದೆಯೇ ನೋಡಿ. ಹಾಗಿದ್ದರೆ ಸದ್ಯಕ್ಕೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಎಷ್ಟೋ ಸಲ ಚರ್ಮಕ್ಕೆ ಒಗ್ಗದಿರುವುದು ಔಷಧಿ ಕರಗಿಸಲು ದ್ರಾವಣದಲ್ಲಿ ಬಳಸುವ ಪ್ರೊಪಿಲೀನ್ ಗ್ಲೈಕಾಲ್, ಮಿನಾಕ್ಸಿಡಿಲ್ ಅಲ್ಲ. ಅದಿಲ್ಲದ ಫೋಮ್ (ನೊರೆಯ ರೂಪದ ಮಿನಾಕ್ಸಿಡಿಲ್) ಸಿಗುತ್ತದೆ.

ಒಂದು ಮಾತು ನೇರವಾಗಿ ಹೇಳ್ತೀನಿ. ಹೊಟ್ಟು ಹೋದ ಮಾತ್ರಕ್ಕೆ ವಂಶದಿಂದ ಬಂದ ಬೋಳುತನ ನಿಲ್ಲುವುದಿಲ್ಲ. ಅದಕ್ಕೆ ಔಷಧಿ ಬೇಕೇ ಬೇಕು, ಬಿಟ್ಟರೆ ಔಷಧಿಯಿಂದ ಬಂದ ಕೂದಲು ಕೆಲವು ತಿಂಗಳಲ್ಲಿ ಹೋಗುತ್ತದೆ.

ಎಲ್ಲಾದರೂ ಚರ್ಮ ನುಣ್ಣಗೆ ಹೊಳೆಯುತ್ತಾ, ಕೂದಲು ಹುಟ್ಟುವ ರಂಧ್ರಗಳೇ ಕಾಣದಿದ್ದರೆ, ನೋವು, ಕೀವು ಇದ್ದರೆ ಈ ವಾರವೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಅದು ಕೂದಲ ಬುಡ ಕಲೆಗಟ್ಟುತ್ತಿರುವ ಲಕ್ಷಣ ಇರಬಹುದು, ಕಲೆಗಟ್ಟಿದ ಬುಡದಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ.