ವೀಲ್‌ಚೇರ್ ಬೇಡ ಎಂದ ತಾಯಿ

(ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ನಾನು ಆಪ್ತಸಲಹೆಗಾರ್ತಿ. ಈ ಕುಟುಂಬವನ್ನು ನನ್ನ ಬಳಿ ಕಳಿಸಿದ್ದು ಹುಡುಗನ ಡಾಕ್ಟರ್. ಅವನಿಗೆ 19 ವರ್ಷ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ವರ್ಷದ ಮೇಲಾಗಿತ್ತು. ಸೊಂಟದಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಇಂಥ ಪೆಟ್ಟಿನಲ್ಲಿ ಚೇತರಿಕೆ ಏನಿದ್ದರೂ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಕಾಣಿಸುತ್ತದೆ. ಮತ್ತೆ ನಡೆಯುವ ಸಾಧ್ಯತೆ ತೀರಾ ಕಡಿಮೆ ಎಂದು ಡಾಕ್ಟರ್ ಮನೆಯವರಿಗೆ ಹೇಳಿ ಆಗಿತ್ತು.

ಆದರೆ ಅವರು ಕಳಿಸಿದ್ದು ಬೇರೆ ಕಾರಣಕ್ಕೆ. ಒಂದೇ ಕಡೆ ಒತ್ತಡ ಬಿದ್ದು ಆಗುವ ಹಾಸಿಗೆ ಹುಣ್ಣು ಬೆನ್ನಿನ ಕೆಳಭಾಗದಲ್ಲಿ ಒಮ್ಮೆ ವಾಸಿಯಾಗಿ ಮತ್ತೆ ಬಂದಿತ್ತು. ಹುಡುಗ ಇಡೀ ದಿನ ಮಲಗಿಯೇ ಇರುತ್ತಿದ್ದ. ತಂದೆ ತಂದಿಟ್ಟ ವೀಲ್‌ಚೇರ್ ಪ್ಲಾಸ್ಟಿಕ್ ಹೊದಿಕೆ ಸಮೇತ ಬಾಗಿಲ ಹಿಂದೆ ನಿಂತಿತ್ತು. ಅದನ್ನು ಬಿಚ್ಚಲು ತಾಯಿ ಬಿಟ್ಟಿರಲಿಲ್ಲ.

ಮೊದಲ ದಿನ ತಂದೆ ಕೂರುತ್ತಲೇ ಶುರು ಮಾಡಿದರು. "ಮೇಡಂ, ನೀವಾದರೂ ಇವಳಿಗೆ ನಿಜ ಹೇಳಿ. ಮಗ ನಡೆಯಲ್ಲ ಅಂತ ಹೇಳಿ."

ತಾಯಿ ನನ್ನ ಕಡೆ ತಿರುಗಿದರು. "ಇವರು ಯಾವತ್ತೋ ಕೈ ಬಿಟ್ಟರು. ನಾನೂ ಬಿಟ್ಟರೆ ದೇವರ ಮುಂದೆ ನಿಂತು ಕೇಳೋರು ಯಾರು?"

ನಾನು ತೀರ್ಪು ಕೊಡಲಿ ಎಂಬುದೇ ಇಬ್ಬರ ನಿರೀಕ್ಷೆ. ಇಂಥ ಹೊತ್ತಲ್ಲಿ ಆಪ್ತಸಲಹೆಗಾರರು ಯಾವುದಾದರೂ ಒಂದು ಪಕ್ಷ ಹಿಡಿದರೆ ಇನ್ನೊಬ್ಬರು ಮುಂದಿನ ಸಲ ಬರುವುದೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಒಬ್ಬರ ನಂಬಿಕೆ ಸರಿಯೋ ತಪ್ಪೋ ಎಂದು ಅಳೆಯುವುದು ನನ್ನ ಕೆಲಸವೇ ಅಲ್ಲ. ಆ ನಂಬಿಕೆ ಈ ಮನೆಯಲ್ಲಿ ಏನು ಮಾಡುತ್ತಿದೆ, ಯಾರನ್ನು ಹತ್ತಿರ ತರುತ್ತಿದೆ, ಯಾರನ್ನು ದೂರ ಇಡುತ್ತಿದೆ ಎಂದು ನೋಡುವುದು ನನ್ನ ಕೆಲಸ. ಹಾಗಾಗಿ ನಡೆಯುವ ಮಾತನ್ನು ಪಕ್ಕಕ್ಕಿಟ್ಟು ತಾಯಿಗೆ ಒಂದೇ ಪ್ರಶ್ನೆ ಕೇಳಿದೆ. "ವೀಲ್‌ಚೇರ್ ಬಿಚ್ಚಿದರೆ ಏನಾಗುತ್ತೆ ಅಂತ ಭಯ ನಿಮಗೆ?"

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. "ಬಿಚ್ಚಿದ ದಿನ ನಾನೇ ಸೋಲು ಒಪ್ಪಿಕೊಂಡ ಹಾಗೆ. ಆಗ ದೇವರಿಗೂ ಅನ್ನಿಸಿಬಿಟ್ಟರೆ? ಸರಿ, ಇವಳಿಗೆ ಇಷ್ಟೇ ಸಾಕು ಅಂತ?"

ತಂದೆ ಹೆಂಡತಿಯನ್ನೇ ನೋಡುತ್ತಾ ಕೂತರು. ಹಟ ಅಂದುಕೊಂಡಿದ್ದು ಹಟವಾಗಿರಲಿಲ್ಲ. ಮಗನ ಪಾಲಿಗೆ ಯಾರಾದರೊಬ್ಬರು ಎಚ್ಚರ ಇರಲೇಬೇಕು ಎಂದು ಆಕೆ ಒಬ್ಬರೇ ಕಾವಲು ನಿಂತಿದ್ದರು. ಇಡೀ ವರ್ಷ ಈ ಮಾತನ್ನು ಆಕೆ ಹೇಳಿರಲಿಲ್ಲ, ಇವರು ಕೇಳಿರಲಿಲ್ಲ.

ಕಷ್ಟದಲ್ಲಿ ಜನ ದೇವರನ್ನು ಹೇಗೆ ನೆಚ್ಚಿಕೊಳ್ಳುತ್ತಾರೆ ಎಂಬುದನ್ನು ಕೆನೆತ್ ಪರ್ಗಮೆಂಟ್ ಎಂಬ ಮನಶ್ಶಾಸ್ತ್ರಜ್ಞರು ಬಹಳ ಕಾಲ ಅಧ್ಯಯನ ಮಾಡಿದ್ದಾರೆ. 1988ರಲ್ಲಿ ಅವರೂ ಅವರ ಜೊತೆಗಾರರೂ ಮೂರು ಬಗೆ ಗುರುತಿಸಿದರು. ಎಲ್ಲವನ್ನೂ ದೇವರಿಗೇ ಬಿಟ್ಟು ಕಾಯುವುದು ಒಂದು. ದೇವರನ್ನು ಎಳೆಯದೆ ತಾನೇ ನಿಭಾಯಿಸುವುದು ಇನ್ನೊಂದು. ದೇವರೂ ನಾನೂ ಕೂಡಿ ಮಾಡುತ್ತೇವೆ ಅನ್ನುವುದು ಮೂರನೆಯದು. ತಂದೆಯ ಕಣ್ಣಿಗೆ ಹೆಂಡತಿ ಮೊದಲನೇ ಬಗೆಯವರು. ನನಗೆ ಹಾಗೆ ಕಾಣಲಿಲ್ಲ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗನನ್ನು ಹೊರಳಿಸುತ್ತಿದ್ದವರು ಇದೇ ತಾಯಿ.

ಅದನ್ನೇ ಕೇಳಿದೆ. "ರಾತ್ರಿ ಎದ್ದು ಹೊರಳಿಸುತ್ತೀರಲ್ಲ, ಅದನ್ನು ಯಾಕೆ ದೇವರಿಗೆ ಬಿಟ್ಟಿಲ್ಲ?"

"ಅದು ನನ್ನ ಕೆಲಸ ಅಲ್ವಾ ಮೇಡಂ?" ಅಂದರು. ನಾನು ಇಂಥ ಪ್ರಶ್ನೆ ಕೇಳಿದೆನಲ್ಲ ಎಂದು ಅವರಿಗೆ ಆಶ್ಚರ್ಯ.

"ಹಾಗಾದರೆ ಹುಣ್ಣು ಬರದ ಹಾಗೆ ಅವನನ್ನು ಕೂರಿಸುವುದು?"

ಅವರು ಉತ್ತರ ಕೊಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಇನ್ನೂ ಮಗನ ಮಾತು ಕೇಳುವುದಿತ್ತು.

ಹುಡುಗನ ಜೊತೆ ಮಾತಾಡುವಾಗ ತಂದೆ ತಾಯಿ ಇರಬಾರದು ಅಂದೆ. ಅವನು ಮೊದಲು ಹವಾಮಾನದ ಬಗ್ಗೆ, ಫೋನಿನ ಬಗ್ಗೆ ಏನೇನೋ ಮಾತಾಡಿದ. ಆಮೇಲೆ ಇದ್ದಕ್ಕಿದ್ದ ಹಾಗೆ ಹೇಳಿದ.

"ಅಮ್ಮ ದಿನಾ ಬೆಳಿಗ್ಗೆ ಕಾಲ್ಬೆರಳು ಮುಟ್ಟಿ ಗೊತ್ತಾಗುತ್ತಾ ಅಂತ ಕೇಳ್ತಾಳೆ. ಒಂದಿನ ಸ್ವಲ್ಪ ಜುಮ್ ಅಂತು ಅಂದುಬಿಟ್ಟೆ. ಸುಳ್ಳು ಮೇಡಂ. ಏನೂ ಆಗಿರಲಿಲ್ಲ. ಆದರೆ ಅವಳ ಮುಖ ನೋಡಬೇಕಿತ್ತು ನೀವು. ಆಮೇಲೆ ಇಲ್ಲ ಅನ್ನೋಕೆ ಆಗಲೇ ಇಲ್ಲ."

ಅಪ್ಪನ ಮುಂದೆ ಅವನದು ಬೇರೆ ವೇಷ. ಎಲ್ಲ ಒಪ್ಪಿಕೊಂಡಿದ್ದೀನಿ, ನನಗೇನೂ ಬೇಜಾರಿಲ್ಲ ಅನ್ನುತ್ತಿದ್ದ. "ಅಳು ಬಂದರೆ ಇಬ್ಬರೂ ಮಲಗೋವರೆಗೂ ಕಾಯ್ತೀನಿ" ಅಂದ.

ಇಲ್ಲಿ ನಾನು ನೇರವಾಗಿ ಕೇಳಿದೆ. "ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂದು ಅನೇಕರು ಹೆದರುತ್ತಾರೆ. ಹಾಗಾಗುವುದಿಲ್ಲ. ಜಾಸ್ತಿ ಜನಕ್ಕೆ ಯಾರೋ ಕೇಳಿದರಲ್ಲ ಎಂದು ನಿರಾಳವೇ ಆಗುತ್ತದೆ. ಬಂದಿದೆ ಅಂದ. ಹೇಗೆ, ಯಾವಾಗ ಎಂಬ ಯೋಜನೆ ಮಾಡಿರಲಿಲ್ಲ. ಆದರೂ ನಾನು ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆರನ್ ಬೆಕ್ ಅವರ ತಂಡ ಸಾಯುವ ಯೋಚನೆಯಿಂದ ಆಸ್ಪತ್ರೆ ಸೇರಿದ್ದ 207 ಜನರನ್ನು ವರ್ಷಗಟ್ಟಲೆ ಗಮನಿಸಿ 1985ರಲ್ಲಿ ಒಂದು ವರದಿ ಪ್ರಕಟಿಸಿತು. ಮುಂದೆ ಆತ್ಮಹತ್ಯೆ ಮಾಡಿಕೊಂಡವರನ್ನು ಉಳಿದವರಿಂದ ಬೇರೆ ಮಾಡಿ ತೋರಿಸಿದ್ದು ಖಿನ್ನತೆಯ ತೀವ್ರತೆಗಿಂತ ಹೆಚ್ಚಾಗಿ ಹತಾಶೆ. ಮುಂದೆ ಏನೂ ಇಲ್ಲ ಎಂಬ ಭಾವನೆ ಅಷ್ಟು ಅಪಾಯದ್ದು.

ಅವತ್ತೇ ಇಬ್ಬರೂ ಕೂತು ಒಂದು ಹಾಳೆ ಬರೆದೆವು. ಆ ಯೋಚನೆ ಬರುವ ಮುಂಚೆ ಏನಾಗುತ್ತದೆ, ಆಗ ಅವನೇ ಏನು ಮಾಡಬಹುದು, ಯಾರನ್ನು ಎಬ್ಬಿಸಬೇಕು, ಯಾರಿಗೆ ಫೋನ್ ಮಾಡಬೇಕು. ಮಾತ್ರೆಗಳೆಲ್ಲ ತಂದೆಯ ವಶಕ್ಕೆ ಹೋದವು. ಅವನ ಒಪ್ಪಿಗೆ ಪಡೆದು ತಂದೆ ತಾಯಿಗೂ ಹೇಳಿದೆ, ಮನೋವೈದ್ಯರ ಹತ್ತಿರವೂ ಕಳಿಸಿದೆ.

ಆಮೇಲೆ ಭರವಸೆಯ ಮಾತು. ಚಾರ್ಲ್ಸ್ ಸ್ನೈಡರ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ಭರವಸೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅವರ ಪ್ರಕಾರ ಭರವಸೆಗೆ ಒಂದು ಗುರಿ ಬೇಕು, ಅಲ್ಲಿಗೆ ಹೋಗುವ ದಾರಿಗಳು ಕಾಣಬೇಕು, ನನ್ನಿಂದ ಆಗುತ್ತದೆ ಎಂಬ ಹುಮ್ಮಸ್ಸೂ ಬೇಕು. ಈ ಮನೆಯಲ್ಲಿ ಗುರಿ ಒಂದೇ ಇತ್ತು. ನಡೆಯುವುದು. ಅದಕ್ಕೆ ಹುಡುಗ ಮಾಡಬಹುದಾದ್ದು ಏನೂ ಇರಲಿಲ್ಲ. ತಾಯಿ ಪ್ರಾರ್ಥಿಸಬಹುದಿತ್ತು, ತಂದೆ ದುಡಿಯಬಹುದಿತ್ತು. ಅವನು ಕಾಯಬೇಕಿತ್ತು ಅಷ್ಟೇ.

"ನಡೆಯೋದು ಒಂದು ಬಿಟ್ಟು, ಈಗ ನಿನಗೆ ತುಂಬಾ ಬೇಕಾಗಿರೋದು ಏನು?" ಅಂತ ಕೇಳಿದೆ.

ಅವನು ಯೋಚನೆ ಕೂಡ ಮಾಡಲಿಲ್ಲ. "ಒಬ್ಬನೇ ಬಚ್ಚಲಿಗೆ ಹೋಗಬೇಕು. ಒಳಗಿಂದ ಚಿಲಕ ಹಾಕ್ಕೋಬೇಕು."

ಈ ಮಾತನ್ನು ಅವನೇ ತಂದೆ ತಾಯಿಗೆ ಹೇಳಲಿ ಎಂದು ಎಲ್ಲರನ್ನೂ ಒಟ್ಟಿಗೆ ಕೂರಿಸಿದೆ. ಹೇಳಿದ. ಕಾಲ್ಬೆರಳಿನ ಸುಳ್ಳನ್ನೂ ಹೇಳಿದ. ತಾಯಿ ಅವನ ಕೈ ಹಿಡಿದುಕೊಂಡೇ ಇದ್ದರು. "ನನಗೆ ಗೊತ್ತಿತ್ತು ಕಣೋ. ಹೌದು ಅನ್ನುವಾಗ ನೀನು ಕಾಲು ನೋಡ್ತಿರಲಿಲ್ಲ, ನನ್ನ ಮುಖ ನೋಡ್ತಿದ್ದೆ" ಅಂದರು. ತಂದೆ ಜೋರಾಗಿ ಅತ್ತುಬಿಟ್ಟರು. ಅಪಘಾತ ಆದಮೇಲೆ ಅಪ್ಪ ಅತ್ತಿದ್ದನ್ನು ಮಗ ನೋಡಿದ್ದು ಅದೇ ಮೊದಲು.

ನನ್ನ ಅನುಭವದಲ್ಲಿ ಮನೆಗಳನ್ನು ಒಡೆಯುವುದು ನಂಬಿಕೆಯಲ್ಲಿನ ವ್ಯತ್ಯಾಸವಲ್ಲ. ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಪ್ರತಿಯೊಬ್ಬರೂ ಒಂಟಿಯಾಗಿ ದುಃಖಪಡುವುದು. ಅದಕ್ಕೇ ಇವರಿಗೆ ಕೊಟ್ಟ ಸಲಹೆಯಲ್ಲಿ ಜಾಸ್ತಿ ಭಾಗ ಮಾತಾಡುವುದರ ಬಗ್ಗೆಯೇ ಇತ್ತು.

ತಾಯಿಗೆ ಹೇಳಿದ್ದು: ಪ್ರಾರ್ಥನೆ ನಿಲ್ಲಿಸಬೇಡಿ, ಮಗ ನಡೆಯಲಿ ಎಂದೇ ಕೇಳಿಕೊಳ್ಳಿ. ವೀಲ್‌ಚೇರ್ ನಿಮ್ಮ ಪ್ರಾರ್ಥನೆಗೆ ಅಡ್ಡ ಬರುವುದಿಲ್ಲ. ಆದರೆ ಬೆಳಗಿನ ಪರೀಕ್ಷೆ ಬಿಟ್ಟುಬಿಡಿ. ಅದರಲ್ಲಿ ಅವನು ದಿನವೂ ಫೇಲ್ ಆಗುತ್ತಿದ್ದಾನೆ. ಕಾಲಿನ ವಿಷಯ ಡಾಕ್ಟರ್ ನೋಡಿಕೊಳ್ಳುತ್ತಾರೆ.

ತಂದೆಗೆ ಹೇಳಿದ್ದು: ನಿಮಗೆ ದೇವರಲ್ಲಿ ನಂಬಿಕೆ ಇಲ್ಲ, ಸರಿ. ಹೆಂಡತಿಯ ಸಮಾಧಾನಕ್ಕಾಗಿ ಸುಳ್ಳು ಕೈ ಮುಗಿಯಬೇಡಿ. ಆಕೆ ಪ್ರಾರ್ಥಿಸುವಾಗ ಪಕ್ಕದಲ್ಲಿ ಕೂತರೆ ಸಾಕು. ರಾತ್ರಿ ಹೊರಳಿಸುವ ಸರದಿ ಹಂಚಿಕೊಳ್ಳಿ. ನಿಮ್ಮ ಭಯವನ್ನೂ ಬಾಯಿಬಿಟ್ಟು ಹೇಳಿ. ನಿಮ್ಮ ಮೌನವನ್ನು ಆಕೆ ಕೈಬಿಟ್ಟಿದ್ದೀರಿ ಎಂದು ಓದಿಕೊಂಡಿದ್ದಾರೆ.

ಬಚ್ಚಲ ಬಾಗಿಲಿನ ಕೆಲಸ ತಂದೆ ವಹಿಸಿಕೊಂಡರು. ಟೇಪು ಹಿಡಿದು ಅಳೆದರೆ ಬಾಗಿಲು ವೀಲ್‌ಚೇರಿಗಿಂತ ಎರಡು ಬೆರಳು ಕಿರಿದು. ಚೌಕಟ್ಟು ತೆಗೆಸಿದರು, ಗೋಡೆಗೆ ಹಿಡಿ ಹಾಕಿಸಿದರು. ಫಿಸಿಯೋಥೆರಪಿಸ್ಟ್ ತೋಳಿನ ಬಲ ಹೆಚ್ಚುವ ವ್ಯಾಯಾಮ ಕೊಟ್ಟರು, ಹಾಸಿಗೆಯಿಂದ ಕುರ್ಚಿಗೆ ಜಾರುವುದನ್ನು ಕಲಿಸಿದರು. ಕುರ್ಚಿಯಲ್ಲಿ ಕೂತಾಗಲೂ ಆಗಾಗ ಮೈಭಾರ ಬದಲಿಸಬೇಕು, ಇಲ್ಲದಿದ್ದರೆ ಅಲ್ಲೂ ಹುಣ್ಣಾಗುತ್ತದೆ. ಅದನ್ನು ನೆನಪಿಸುವ ಜವಾಬ್ದಾರಿ ಯಾರಿಗೂ ಬೇಡ, ನಾನೇ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುತ್ತೇನೆ ಅಂದ ಹುಡುಗ. ವೀಲ್‌ಚೇರಿನ ಪ್ಲಾಸ್ಟಿಕ್ ಹೊದಿಕೆಯನ್ನು ತಾಯಿಯೇ ಬಿಚ್ಚಿದರು.

ಇನ್ನೊಂದು ಸಲಹೆ ಅವನದೇ ಥರ ಪೆಟ್ಟಾಗಿ ವರ್ಷಗಳಿಂದ ವೀಲ್‌ಚೇರಿನಲ್ಲಿ ಬದುಕುತ್ತಿರುವ ಒಬ್ಬರನ್ನು ಭೇಟಿಯಾಗುವುದು. ಗುಂಪು ಚಿಕಿತ್ಸೆಯ ಬಗ್ಗೆ ಬರೆದ ಇರ್ವಿನ್ ಯಾಲೊಮ್, ಗುಣ ತರುವ ಅಂಶಗಳಲ್ಲಿ ಭರವಸೆ ಮೂಡುವುದನ್ನೂ ನಾನೊಬ್ಬನೇ ಅಲ್ಲ ಎಂದು ತಿಳಿಯುವುದನ್ನೂ ಮೊದಲಿಗೇ ಹೇಳುತ್ತಾರೆ. ನಾನು ವಾರಗಟ್ಟಲೆ ಹೇಳಿದರೂ ಸಿಗದ ಧೈರ್ಯ ಆ ಒಂದು ಭೇಟಿಯಲ್ಲಿ ಸಿಕ್ಕಿತು. ಅವರಿಬ್ಬರೂ ಮಾತಾಡಿದ್ದು ಮೂತ್ರ ಹೊರತೆಗೆಯುವ ಕೊಳವೆ, ಅಂದರೆ ಕ್ಯಾತಿಟರ್ ಬಗ್ಗೆ, ಇಳಿಜಾರಿನಲ್ಲಿ ಕೈ ಜಾರದ ಹಾಗೆ ಇಳಿಯುವುದರ ಬಗ್ಗೆ. ದೊಡ್ಡ ಮಾತು ಒಂದೂ ಬರಲಿಲ್ಲವಂತೆ.

ಸ್ನೇಹಿತರ ವಿಷಯ ಉಳಿಯಿತು. ಮೊದಮೊದಲು ಬರುತ್ತಿದ್ದವರು ಬರುಬರುತ್ತಾ ನಿಂತಿದ್ದರು. ಏನು ಮಾತಾಡೋದು ಅಂತ ಗೊತ್ತಾಗದೆ. ಅವನ ಒಪ್ಪಿಗೆ ಪಡೆದು ಅವರಲ್ಲಿ ಇಬ್ಬರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಅಧ್ಯಯನದ ಬಗ್ಗೆ ಹೇಳಿದೆ. ಮನೋವೈದ್ಯ ಜೆರೋಮ್ ಮೊಟ್ಟೊ ಅವರು ಖಿನ್ನತೆ ಅಥವಾ ಸಾಯುವ ಯೋಚನೆಯಿಂದ ಆಸ್ಪತ್ರೆ ಸೇರಿ, ಅಲ್ಲಿಂದ ಹೋದಮೇಲೆ ಚಿಕಿತ್ಸೆ ಬೇಡ ಎಂದ 843 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷ ಆಗಾಗ ಚಿಕ್ಕ ಕಾಗದ ಹೋಗುತ್ತಿತ್ತು. ನಿಮ್ಮ ನೆನಪಿದೆ, ಚೆನ್ನಾಗಿದ್ದೀರಿ ಅಂದುಕೊಂಡಿದ್ದೇವೆ ಎಂಬಷ್ಟೇ ಮಾತು. ಏನೂ ಕೇಳುವುದಿಲ್ಲ, ಏನೂ ಬೇಡುವುದಿಲ್ಲ. 2001ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೊದಲ ಎರಡು ವರ್ಷ ಆ ಗುಂಪಿನಲ್ಲಿ ಆತ್ಮಹತ್ಯೆ ಸ್ಪಷ್ಟವಾಗಿ ಕಡಿಮೆ ಇತ್ತು. ನೀವೂ ಹಾಗೇ ಸುಮ್ನೆ ಒಂದು ಮೆಸೇಜ್ ಹಾಕಿ, ಉತ್ತರ ಬರದಿದ್ದರೂ ಇನ್ನೊಂದು ಹಾಕಿ ಅಂದೆ.

ಈಗ ಹುಣ್ಣು ಮಾಯಿದೆ. ಬಚ್ಚಲಿಗೆ ಅವನೊಬ್ಬನೇ ಹೋಗುತ್ತಾನೆ. ಕೆಟ್ಟ ಯೋಚನೆ ಪೂರ್ತಿ ಹೋಗಿಲ್ಲ. ಬಂದ ರಾತ್ರಿ ಅಪ್ಪನನ್ನು ಎಬ್ಬಿಸುತ್ತಾನೆ. ಮನೋವೈದ್ಯರ ಚಿಕಿತ್ಸೆಯೂ ನಡೆದಿದೆ. ತಾಯಿ ಈಗಲೂ ಮಗ ನಡೆಯುತ್ತಾನೆ ಅನ್ನುತ್ತಾರೆ, ತಂದೆ ಈಗಲೂ ಒಪ್ಪುವುದಿಲ್ಲ. ಅದರ ಬಗ್ಗೆ ಜಗಳ ಮಾತ್ರ ನಿಂತಿದೆ.

ಇಂಥ ಮನೆಗೆ ಹೋಗುವವರಿಗೆ ಒಂದು ಕೋರಿಕೆ. ಪವಾಡದ ಕತೆ ಹೇಳಬೇಡಿ, ಹಣೆಬರಹ ಅಂತಲೂ ಅನ್ನಬೇಡಿ. ಹೇಗಿದ್ದಾನೆ ಎಂದು ತಾಯಿಯನ್ನು ಕೇಳುವ ಬದಲು ಹುಡುಗನನ್ನೇ ಕೇಳಿ, ಅವನ ಕಣ್ಣಿಗೆ ಕಣ್ಣು ಸೇರುವ ಹಾಗೆ ಕುರ್ಚಿ ಎಳೆದುಕೊಂಡು ಕೂತು. ಹೊರಡುವಾಗ ಮತ್ತೆ ಯಾವತ್ತು ಬರುತ್ತೀರಿ ಅಂತ ಹೇಳಿ, ಆ ದಿನ ತಪ್ಪದೆ ಹೋಗಿ.